ಯು2 ಆದಮೇಲೆ ಆ ಕುರ್ಚಿಗೆ ಯಾರು?

ಹೋದ ವಾರದ ವಿಡಿಯೋ ನೋಡಿದ ಕೆಲವರು "ಇದನ್ನ ಬರಹದಲ್ಲೂ ಹಾಕಿ, ಆಫೀಸ್ ಕ್ಯಾಬಲ್ಲಿ ಓದ್ಕೋತೀವಿ" ಅಂತ ಕೇಳಿದ್ರಿ. ಹಾಗಾಗಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ, ಕ್ಯಾಮೆರಾ ಮುಂದೆ ಅವಸರದಲ್ಲಿ ಬಿಟ್ಟುಹೋದ ಒಂದೆರಡು ವಿಷಯ ಸೇರಿಸಿ ಇಲ್ಲಿ ಕೊಡ್ತಾ ಇದ್ದೀನಿ. ವಿಷಯ ರಾಕ್ ಸಂಗೀತದ್ದು. ರಾಕ್ ಕೇಳದವರು ಓಡಿಹೋಗಬೇಡಿ, ಇದು ಹಾಡಿಗಿಂತ ಹೆಚ್ಚಾಗಿ ಒಂದು ಕುರ್ಚಿಯ ಕಥೆ.

2019ರ ಡಿಸೆಂಬರ್ 15, ಭಾನುವಾರ. ಪುಣೆಯ ಹಿಂಜೇವಾಡಿಯಿಂದ ನಾವು ನಾಲ್ಕು ಜನ ಒಂದೇ ಕಾರಿನಲ್ಲಿ ನವಿ ಮುಂಬೈಗೆ ಹೊರಟಿದ್ವಿ. ಧಾರವಾಡದವನೊಬ್ಬ, ಮಂಡ್ಯದವನೊಬ್ಬ, ಹಾಸನದವಳೊಬ್ಬಳು, ದಾವಣಗೆರೆಯ ನಾನು. ನೆರೂಲ್‌ನ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ಅವತ್ತು ಯು2 ಹಾಡಲಿತ್ತು. ಐರ್ಲೆಂಡಿನ ಈ ಬ್ಯಾಂಡು ಹುಟ್ಟಿ 43 ವರ್ಷ ಆದಮೇಲೆ ಭಾರತದಲ್ಲಿ ಮೊದಲ ಕಾರ್ಯಕ್ರಮ ಕೊಡ್ತಾ ಇತ್ತು. 1987ರ 'ದಿ ಜೋಶುವಾ ಟ್ರೀ' ಆಲ್ಬಂನ ಅಷ್ಟೂ ಹಾಡುಗಳನ್ನು ಹಾಡುವ ಪ್ರವಾಸದ ಕೊನೆಯ ರಾತ್ರಿ ಅದು. ಗಾಯಕ ಬೋನೋಗೆ ಆಗ 59 ವರ್ಷ.

ಎ.ಆರ್. ರೆಹಮಾನ್ ಹೆಣ್ಣುಮಕ್ಕಳ ಜೊತೆ ವೇದಿಕೆಗೆ ಬಂದಾಗ ಎದ್ದ ಗದ್ದಲದ ಬಗ್ಗೆ ಎಲ್ಲರೂ ಬರೆದಿದ್ದಾರೆ. ನನಗೆ ನೆನಪಿರೋದು ಬೇರೆ. 'ಅಲ್ಟ್ರಾವೈಲೆಟ್' ಹಾಡಿನ ಹೊತ್ತಿಗೆ ಹಿಂದಿನ ದೊಡ್ಡ ಪರದೆ ಮೇಲೆ ಹೆಣ್ಣುಮಕ್ಕಳ ಚಿತ್ರಗಳು ಬರತೊಡಗಿದವು. ಅವರಲ್ಲಿ ಸ್ಮೃತಿ ಇರಾನಿಯೂ ಇದ್ದರು, ಗೌರಿ ಲಂಕೇಶರೂ ಇದ್ದರು. ಗೌರಿ ತಮ್ಮ ಮನೆ ಬಾಗಿಲಲ್ಲಿ ಗುಂಡೇಟಿಗೆ ಸತ್ತು ಎರಡು ವರ್ಷ ಚಿಲ್ಲರೆ ಆಗಿತ್ತು. ಡಬ್ಲಿನ್ನಿನಿಂದ ಬಂದ ನಾಲ್ಕು ಜನ, ಮರಾಠಿ ನಾಡಿನ ಒಂದು ಕ್ರಿಕೆಟ್ ಮೈದಾನದಲ್ಲಿ, ಬಸವನಗುಡಿಯಲ್ಲಿ ಪತ್ರಿಕೆ ನಡೆಸುತ್ತಿದ್ದ ಹೆಂಗಸಿನ ಮುಖವನ್ನು ಕಟ್ಟಡದಷ್ಟು ದೊಡ್ಡದಾಗಿ ತೋರಿಸ್ತಾ ಇದ್ದಾರೆ. ನಮ್ಮ ಮಂಡ್ಯದವನಿಗೆ ಗೌರಿಯವರ ರಾಜಕೀಯ ಹಿಡಿಸ್ತಾನೇ ಇರಲಿಲ್ಲ. ಅವನೂ ಒಂದು ನಿಮಿಷ ಮಾತಾಡಲಿಲ್ಲ. ಹೋದಲ್ಲೆಲ್ಲ ಆಯಾ ದೇಶದ ಹೆಣ್ಣುಮಕ್ಕಳ ಚಿತ್ರ ಸೇರಿಸೋದು ಅವರ ಪದ್ಧತಿ, ಅದಕ್ಕೊಂದು ಟೀಮ್ ಇರುತ್ತೆ, ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಲೋಕಲೈಸೇಶನ್. ಗೊತ್ತು. ಗೊತ್ತಿದ್ದೂ ಮೈ ಜುಮ್ಮಂದಿತು.

ವಾಪಸ್ ಬರುವಾಗ ಎಕ್ಸ್‌ಪ್ರೆಸ್‌ವೇ ಪಕ್ಕದ ಫುಡ್ ಮಾಲ್‌ನಲ್ಲಿ ಮಧ್ಯರಾತ್ರಿ ವಡಾಪಾವ್ ತಿಂತಾ ಧಾರವಾಡದ ಗೆಳೆಯ ಕೇಳಿದ: "ಇವ್ರು ಆದ ಮ್ಯಾಲೆ ಯಾರಲೇ?" ಆ ರಾತ್ರಿ ನಾಲ್ಕು ಜನ ನಾಲ್ಕು ಹೆಸರು ಹೇಳಿದ್ವಿ. ಒಂದೂ ಒಪ್ಪಿಗೆಯಾಗಲಿಲ್ಲ.

ಆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಯಾರು ಅಂತ ಹುಡುಕೋಕೆ ಮುಂಚೆ, ಯು2ಗೆ ಆ ಕುರ್ಚಿ ಸಿಕ್ಕಿದ್ದು ಹೇಗೆ ಅಂತ ನೋಡಬೇಕು. ಅದು ಯಾರೂ ಅಂದ್ಕೊಂಡಷ್ಟು ಬೇಗ ಸಿಕ್ಕಿದ್ದಲ್ಲ.

1976ರಲ್ಲಿ ಡಬ್ಲಿನ್ನಿನ ಮೌಂಟ್ ಟೆಂಪಲ್ ಶಾಲೆಯಲ್ಲಿ ಲ್ಯಾರಿ ಮುಲ್ಲೆನ್ ಅನ್ನೋ 14 ವರ್ಷದ ಹುಡುಗ ನೋಟಿಸ್ ಬೋರ್ಡಿಗೆ ಒಂದು ಚೀಟಿ ಅಂಟಿಸಿದ: ಬ್ಯಾಂಡ್ ಕಟ್ಟಬೇಕು, ಸಂಗೀತಗಾರರು ಬೇಕು. ಮೊದಲ ಪ್ರಾಕ್ಟೀಸು ಅವನ ಮನೆ ಅಡುಗೆಮನೆಯಲ್ಲಿ. ಬಂದವರಲ್ಲಿ ಯಾರಿಗೂ ಸರಿಯಾಗಿ ನುಡಿಸೋಕೆ ಬರ್ತಿರಲಿಲ್ಲ. 1980ರಲ್ಲಿ ಐಲ್ಯಾಂಡ್ ರೆಕಾರ್ಡ್ಸ್ ಕಂಪನಿ ಇವರ ಜೊತೆ ಕರಾರು ಮಾಡಿಕೊಂಡಿತು, ಅದೇ ವರ್ಷ 'ಬಾಯ್' ಬಂತು. ಎರಡನೇ ಆಲ್ಬಂ ಹೊತ್ತಿಗೆ ಅನಾಹುತ. 1981ರ ಅಮೆರಿಕ ಪ್ರವಾಸದಲ್ಲಿ ಪೋರ್ಟ್‌ಲ್ಯಾಂಡ್ ಊರಲ್ಲಿ ಬೋನೋ ಹಾಡು ಬರೆದಿಟ್ಟಿದ್ದ ಬ್ರೀಫ್‌ಕೇಸ್ ಕಳುವಾಯಿತು. ಬ್ಯಾಕಪ್ ಇಲ್ಲ! ಸ್ಟುಡಿಯೋಗೆ ಹೋಗಿ ಮೈಕ್ ಮುಂದೆ ನಿಂತು ಸಾಲು ಹೊಸೆದ್ರು. ಆ ಬ್ರೀಫ್‌ಕೇಸ್ ವಾಪಸ್ ಸಿಕ್ಕಿದ್ದು 2004ರಲ್ಲಿ, 23 ವರ್ಷ ಆದಮೇಲೆ. ಆ 'ಅಕ್ಟೋಬರ್' ಆಲ್ಬಂ ಅಷ್ಟೇನೂ ಓಡಲಿಲ್ಲ. ಇವತ್ತಿನ ಲೆಕ್ಕದಲ್ಲಾದರೆ ಅಲ್ಲಿಗೆ ಕಥೆ ಮುಗೀತು. ಆದರೆ ಕಂಪನಿ ಕಾಯ್ತು. 1983ರಲ್ಲಿ 'ವಾರ್' ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅದೇ ಜೂನ್‌ನಲ್ಲಿ ಕೊಲರಾಡೋದ ರೆಡ್ ರಾಕ್ಸ್ ಬಂಡೆಗಳ ನಡುವೆ, ಜಿಟಿಜಿಟಿ ಮಳೆಯಲ್ಲಿ, ಬೋನೋ ಬಿಳಿ ಬಾವುಟ ಹಿಡಿದು ನಡೆದ ವಿಡಿಯೋವನ್ನು ಎಂಟಿವಿ ಮನೆಮನೆಗೆ ಮುಟ್ಟಿಸಿತು. 1985ರ ಲೈವ್ ಏಡ್‌ನಲ್ಲಿ ಒಂದೇ ಹಾಡನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಎಳೆದು, ನಡುವೆ ವೇದಿಕೆಯಿಂದ ಇಳಿದು ಜನರ ಮಧ್ಯದ ಒಬ್ಬ ಹುಡುಗಿಯ ಜೊತೆ ಕುಣಿದು ಬಂದ. ಇನ್ನೊಂದು ಹಾಡಿಗೆ ಸಮಯವೇ ಉಳಿಯಲಿಲ್ಲ ಅಂತ ಉಳಿದ ಮೂವರು ಕೆಂಡ ಆದ್ರು. ಲೋಕ ಮಾತ್ರ ಆ ಹತ್ತು ನಿಮಿಷವನ್ನೇ ನೆನಪಿಟ್ಟುಕೊಂಡಿತು.

ಈಗ ಬರುತ್ತೆ ನನಗೆ ಬಹಳ ಇಷ್ಟವಾದ ದೃಶ್ಯ. 1986ರ ಜೂನ್ 15, ನ್ಯೂಜೆರ್ಸಿಯ ಜೈಂಟ್ಸ್ ಸ್ಟೇಡಿಯಂ. ಆಮ್ನೆಸ್ಟಿ ಇಂಟರ್‌ನ್ಯಾಷನಲ್‌ಗಾಗಿ ನಡೆದ ಪ್ರವಾಸದ ಕೊನೆಯ ದಿನ. ಸ್ಟಿಂಗ್ ಇದ್ದ 'ದಿ ಪೊಲೀಸ್' ಬ್ಯಾಂಡು ಮೂರು ವರ್ಷದ ಹಿಂದೆ ಲೋಕದಲ್ಲೇ ದೊಡ್ಡದು. ಆಮೇಲೆ ಒಬ್ಬರ ಮುಖ ಒಬ್ಬರು ನೋಡದಷ್ಟು ಹದಗೆಟ್ಟಿತ್ತು, ಈ ಪ್ರವಾಸದ ಕೊನೆಯ ಮೂರು ದಿನಕ್ಕೆ ಅಂತ ಮತ್ತೆ ಸೇರಿದ್ರು. ಅವರ ಕೊನೆಯ ಹಾಡು ಮುಗಿಯುವ ಹೊತ್ತಿಗೆ ಯು2 ಹುಡುಗರು ಒಬ್ಬೊಬ್ಬರಾಗಿ ವೇದಿಕೆಗೆ ಬಂದ್ರು. ಪೊಲೀಸ್‌ನವರು ತಮ್ಮ ಗಿಟಾರು, ಬಾಸು, ಡ್ರಮ್ಮು ಅವರ ಕೈಗೆ ಕೊಟ್ಟು ಪಕ್ಕಕ್ಕೆ ಸರಿದ್ರು. ಅದು ಪಟ್ಟ ವಹಿಸಿಕೊಟ್ಟ ಹಾಗೆ ಇತ್ತು ಅಂತ ಸ್ಟಿಂಗ್ ಆಮೇಲೆ ಹೇಳಿಕೊಂಡಿದ್ದಾನೆ. ಮುಂದಿನ ಮಾರ್ಚ್‌ನಲ್ಲಿ 'ದಿ ಜೋಶುವಾ ಟ್ರೀ' ಬಂತು, ಏಪ್ರಿಲ್‌ನಲ್ಲಿ 'ಟೈಮ್' ಪತ್ರಿಕೆಯ ಮುಖಪುಟಕ್ಕೆ ಯು2 ಬಂತು. ಆ ಆಲ್ಬಂ ಎರಡೂವರೆ ಕೋಟಿಗಿಂತ ಹೆಚ್ಚು ಖರ್ಚಾಗಿದೆ.

ಇಷ್ಟು ಸ್ಪಷ್ಟವಾದ ಹಸ್ತಾಂತರ ಆಮೇಲೆ ಮತ್ತೆ ಆಗಿಲ್ಲ. ಯಾಕೆ ಅನ್ನೋದೇ ಈ ಬರಹದ ಪ್ರಶ್ನೆ.

ಆ ಕುರ್ಚಿಯಲ್ಲಿ ಕೂತು ಏನು ಮಾಡಬೇಕು ಅನ್ನೋದನ್ನೂ ಯು2 ತಾನೇ ಬರೆದುಕೊಂಡಿತು. ಹಾಡಿದ್ರೆ, ಟಿಕೆಟ್ ಮಾರಿದ್ರೆ ಸಾಲದು. 1998ರ ಮೇ ತಿಂಗಳಲ್ಲಿ ಉತ್ತರ ಐರ್ಲೆಂಡಿನ ಶಾಂತಿ ಒಪ್ಪಂದಕ್ಕೆ ಜನಮತ ನಡೆಯೋಕೆ ಮೂರು ದಿನ ಮುಂಚೆ, ಬೆಲ್‌ಫಾಸ್ಟ್‌ನ ವೇದಿಕೆ ಮೇಲೆ ಬೋನೋ ಎರಡು ಕಡೆಯ ನಾಯಕರನ್ನು ಕರೆಸಿದ: ಕ್ಯಾಥೊಲಿಕ್ ರಾಷ್ಟ್ರೀಯವಾದಿಗಳ ಜಾನ್ ಹ್ಯೂಮ್, ಪ್ರೊಟೆಸ್ಟೆಂಟ್ ಯೂನಿಯನಿಸ್ಟರ ಡೇವಿಡ್ ಟ್ರಿಂಬಲ್. ಇಬ್ಬರ ಕೈ ಹಿಡಿದು ಮೇಲೆತ್ತಿದ. ಭಾಷಣ ಮಾಡಿಸಲಿಲ್ಲ. ಆ ಫೋಟೋ ಎಲ್ಲಾ ಪತ್ರಿಕೆಯಲ್ಲೂ ಬಂತು. ಅದರ ಹಿಂದಿನ ವರ್ಷ, 1997ರ ಸೆಪ್ಟೆಂಬರ್‌ನಲ್ಲಿ, ಮುತ್ತಿಗೆಯಿಂದ ಹೊರಬಂದು ಇನ್ನೂ ಸುಧಾರಿಸಿಕೊಳ್ತಾ ಇದ್ದ ಸರಾಯೆವೋದ ಮೈದಾನದಲ್ಲಿ ಹಾಡಿದ್ರು. ಬೋನೋಗೆ ಗಂಟಲು ಕಟ್ಟಿತ್ತು, ಜನರೇ ಹಾಡಿದ್ರು. ಇದೆಲ್ಲ ಡಂಭ, ಬೋನೋ ತನ್ನನ್ನು ತಾನು ಸಂತ ಅಂದ್ಕೊಂಡಿದ್ದಾನೆ ಅಂತ ಬೈಯೋರು ಆಗಲೂ ಇದ್ರು, ಈಗಲೂ ಇದ್ದಾರೆ. ನಾನೂ ಆಗಾಗ ಬೈತೀನಿ. ಆದರೆ ಬೈಸಿಕೊಳ್ಳೋದೂ ಆ ಕುರ್ಚಿಯ ಕೆಲಸವೇ. ಎಲ್ಲರಿಗೂ ಇಷ್ಟವಾಗುವವರು ಅಲ್ಲಿ ಕೂತರೆ ಅದು ಬರೀ ದೊಡ್ಡ ಬ್ಯಾಂಡು, ಅಷ್ಟೇ.

ತೊಂಬತ್ತರ ದಶಕದಲ್ಲಿ ವಾರಸುದಾರರಿಗೆ ಬರ ಇರಲಿಲ್ಲ. ನಿರ್ವಾಣ ಬಂತು, 1994ರಲ್ಲಿ ಕರ್ಟ್ ಕೊಬೇನ್ ಸಾವಿನೊಂದಿಗೆ ಮುಗಿಯಿತು. ಪರ್ಲ್ ಜ್ಯಾಮ್ 1993ರಲ್ಲಿ ಯುರೋಪಿನಲ್ಲಿ ಯು2 ಮುಂದೆ ಹಾಡಿ ಕಲಿತು, ಕುರ್ಚಿಯ ಹತ್ತಿರ ಬಂದು, ಬೇಡ ಅಂತ ಮುಖ ತಿರುಗಿಸಿತು: ಮ್ಯೂಸಿಕ್ ವಿಡಿಯೋ ಮಾಡೋದೇ ನಿಲ್ಲಿಸಿದ್ರು, ಟಿಕೆಟ್ ಕಂಪನಿ ಜೊತೆ ಜಗಳಕ್ಕೆ ನಿಂತ್ರು. ಆರ್.ಇ.ಎಂ. 1996ರಲ್ಲಿ ದೊಡ್ಡ ಕರಾರಿಗೆ ಸಹಿ ಹಾಕಿದ ಮರುವರ್ಷವೇ ಡ್ರಮ್ಮರ್ ಬಿಟ್ಟುಹೋದ. ಓಯಸಿಸ್ 1996ರ ಆಗಸ್ಟ್‌ನಲ್ಲಿ ನೆಬ್‌ವರ್ತ್‌ನಲ್ಲಿ ಎರಡು ದಿನಕ್ಕೆ ಎರಡೂವರೆ ಲಕ್ಷ ಜನರನ್ನು ಸೇರಿಸಿತು, ಆದರೆ ಅಣ್ಣತಮ್ಮಂದಿರ ಜಗಳದಲ್ಲಿ ಕುರ್ಚಿ ನೋಡೋಕೆ ಪುರುಸೊತ್ತು ಎಲ್ಲಿ?

ಎಲ್ಲಾ ತಿರುವು ಆಗಿದ್ದು 2000ನೇ ಇಸವಿಯಲ್ಲಿ, ಅದೂ ನಾಲ್ಕೇ ತಿಂಗಳಲ್ಲಿ. 1997ರ 'ಪಾಪ್' ಆಲ್ಬಂನಲ್ಲಿ ಯು2 ಎಡವಿತ್ತು, ಕುರ್ಚಿ ಅಲುಗಾಡ್ತಾ ಇತ್ತು. ಎಲ್ಲರೂ ನೋಡ್ತಾ ಇದ್ದಿದ್ದು ಆಕ್ಸ್‌ಫರ್ಡ್ ಕಡೆಯ ರೇಡಿಯೋಹೆಡ್ ಕಡೆಗೆ. 1997ರ 'ಓಕೆ ಕಂಪ್ಯೂಟರ್' ಆದಮೇಲೆ ಇವರೇ ಮುಂದಿನವರು ಅಂತ ತೀರ್ಮಾನ ಆಗಿಹೋಗಿತ್ತು. 2000ದ ಅಕ್ಟೋಬರ್‌ನಲ್ಲಿ ಅವರು 'ಕಿಡ್ ಎ' ಬಿಟ್ರು. ಗಿಟಾರ್ ಮೂಲೆಗೆ, ಕಂಪ್ಯೂಟರ್ ಸದ್ದು ಮುಂದಕ್ಕೆ. ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು ನಿಜ, ಆದರೆ ಸಂದೇಶ ಸ್ಪಷ್ಟ: ನಿಮ್ಮ ಕುರ್ಚಿ ನಮಗೆ ಬೇಡ. ಅದೇ ಅಕ್ಟೋಬರ್ ಕೊನೆಗೆ ಯು2 ತನ್ನ ಹಳೆಯ ಸದ್ದಿಗೆ ಮರಳಿದ ಆಲ್ಬಂ ತಂತು. ಮುಂದಿನ ವರ್ಷ ಗ್ರ್ಯಾಮಿ ವೇದಿಕೆಯಲ್ಲಿ ಬೋನೋ, ನಾವು ಕೆಲಸಕ್ಕೆ ಮತ್ತೆ ಅರ್ಜಿ ಹಾಕಿದ್ದೀವಿ, ಲೋಕದ ಅತ್ಯುತ್ತಮ ಬ್ಯಾಂಡ್ ಅನ್ನೋ ಕೆಲಸಕ್ಕೆ, ಅನ್ನೋ ಅರ್ಥದಲ್ಲಿ ಮಾತಾಡಿದ. ಅಪ್ರೈಸಲ್ ಕಂಡ ನಮಗೆಲ್ಲ ಆ ಮಾತು ಚೆನ್ನಾಗಿ ಅರ್ಥವಾಗುತ್ತೆ. ಇನ್ನು ಇದೆಲ್ಲಕ್ಕೂ ಮುಂಚೆ, ಅದೇ ವರ್ಷದ ಜುಲೈನಲ್ಲಿ, ಲಂಡನ್ ಕಾಲೇಜಿನಲ್ಲಿ ಭೇಟಿಯಾದ ನಾಲ್ಕು ಮೆದು ಮಾತಿನ ಹುಡುಗರು 'ಪ್ಯಾರಾಶೂಟ್ಸ್' ಅನ್ನೋ ಮೊದಲ ಆಲ್ಬಂ ತಂದಿದ್ರು. ಕೋಲ್ಡ್‌ಪ್ಲೇ.

2005ರ ಸುಮಾರಿಗೆ ಇದೊಂದು ಆಟವೇ ಆಗಿತ್ತು. ಪತ್ರಿಕೆಗಳು ಪ್ರತಿ ಆರು ತಿಂಗಳಿಗೆ ಹೊಸ ಯು2 ಸಿಕ್ಕಿತು ಅಂತ ಬರೀತಿದ್ವು. ಕೋಲ್ಡ್‌ಪ್ಲೇ ಆಗ ಎಷ್ಟು ದೊಡ್ಡದಾಗಿತ್ತು ಅಂದ್ರೆ, ಅವರ ಮೂರನೇ ಆಲ್ಬಂ ತಡವಾಗುತ್ತೆ ಅಂತ ಗೊತ್ತಾದಾಗ ಇಎಂಐ ಕಂಪನಿ ಲಾಭ ಕಮ್ಮಿಯಾಗುತ್ತೆ ಅಂತ ಎಚ್ಚರಿಕೆ ಕೊಡಬೇಕಾಯಿತು, ಷೇರು ಬಿತ್ತು. ಒಂದು ರಿಲೀಸ್ ಜಾರಿದ್ದಕ್ಕೆ ಇಡೀ ಕಂಪನಿ! ಲಾಸ್ ವೇಗಸ್‌ನ ದಿ ಕಿಲ್ಲರ್ಸ್ ಎರಡನೇ ಆಲ್ಬಂಗೆ ಯು2 ಜೊತೆ ಕೆಲಸ ಮಾಡಿದ್ದ ಫ್ಲಡ್ ಮತ್ತು ಅಲನ್ ಮೌಲ್ಡರ್ ಅವರನ್ನೇ ಕರೆಸಿಕೊಂಡಿತು. ಕಿಂಗ್ಸ್ ಆಫ್ ಲಿಯಾನ್ 2005ರಲ್ಲಿ ಯು2 ಮುಂದೆ ಹಾಡಿ ಪಳಗಿತು, 2008ರಲ್ಲಿ ಆಕಾಶಕ್ಕೇರಿತು, 2011ರಲ್ಲಿ ಗಾಯಕ ಡಲ್ಲಾಸ್‌ನ ಕಾರ್ಯಕ್ರಮದ ಮಧ್ಯೆ ವೇದಿಕೆ ಬಿಟ್ಟು ಹೋಗಿ ಅಮೆರಿಕ ಪ್ರವಾಸವೇ ರದ್ದಾಯಿತು. ಮ್ಯೂಸ್‌ಗೆ ಸದ್ದು ಇತ್ತು, ಬೆಳಕು ಇತ್ತು, ವೆಂಬ್ಲಿಯೂ ತುಂಬಿತು. ಮನೆಗೆ ಬಂದಮೇಲೆ ಗುನುಗೋಕೆ ಏನೂ ಉಳೀತಿರಲಿಲ್ಲ. ಇದು ನನ್ನ ಅಭಿಪ್ರಾಯ, ಮ್ಯೂಸ್ ಭಕ್ತರು ಕ್ಷಮಿಸಿ.

ನಾನು ದುಡ್ಡು ಕಟ್ಟಿದ್ದಿದ್ರೆ ಕಟ್ತಾ ಇದ್ದಿದ್ದು ಕೆನಡಾದ ಆರ್ಕೇಡ್ ಫೈರ್ ಮೇಲೆ. 2005ರ ಪ್ರವಾಸದಲ್ಲಿ ಯು2 ವೇದಿಕೆಗೆ ಬರುವಾಗ ಹಾಕಿಸ್ತಾ ಇದ್ದಿದ್ದು ಇವರದೇ 'ವೇಕ್ ಅಪ್' ಹಾಡನ್ನು. ಕುರ್ಚಿಯಲ್ಲಿ ಕೂತವನೇ ಬೆರಳು ಮಾಡಿ ತೋರಿಸಿದ ಹಾಗೆ. 2011ರಲ್ಲಿ ಅವರ 'ದಿ ಸಬರ್ಬ್ಸ್' ವರ್ಷದ ಆಲ್ಬಂ ಅಂತ ಗ್ರ್ಯಾಮಿ ಗೆದ್ದಿತು. ಆ ರಾತ್ರಿ ಇಂಟರ್‌ನೆಟ್ ತುಂಬ ಒಂದೇ ಪ್ರಶ್ನೆ: ಯಾರಿದು ಆರ್ಕೇಡ್ ಫೈರ್? ಜನ ತಮಾಷೆ ಮಾಡ್ತಿರಲಿಲ್ಲ, ನಿಜವಾಗಿ ಗೊತ್ತಿರಲಿಲ್ಲ. ಅಮೆರಿಕದ ಅತಿ ದೊಡ್ಡ ಸಂಗೀತ ಪ್ರಶಸ್ತಿ ಬಂದಿದೆ, ಪಕ್ಕದ ಮನೆಯವನಿಗೆ ಹೆಸರು ಗೊತ್ತಿಲ್ಲ. 1987ರಲ್ಲಿ ಇದು ಆಗ್ತಾನೇ ಇರಲಿಲ್ಲ. ಇಷ್ಟ ಇರಲಿ ಬಿಡಲಿ, ರೇಡಿಯೋದಲ್ಲಿ ಯು2 ಕೇಳಿಯೇ ಇರ್ತಿದ್ರಿ.

ಇಲ್ಲಿ ನನ್ನ ಎಂಟೆಕ್ ಸ್ವಲ್ಪ ಹೊರಗೆ ಬರುತ್ತೆ, ತಡ್ಕೊಳಿ. ಡಿಸ್ಟ್ರಿಬ್ಯೂಟೆಡ್ ಸಿಸ್ಟಮ್ಸ್‌ನಲ್ಲಿ ರಾಫ್ಟ್ ಅಂತ ಒಂದು ಅಲ್ಗಾರಿದಮ್ ಇದೆ, ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿರುತ್ತೆ. ಲೀಡರ್ ಸರ್ವರ್ ಆಗಾಗ ಉಳಿದವರಿಗೆ 'ಬದುಕಿದ್ದೀನಿ' ಅಂತ ಸಂದೇಶ ಕಳಿಸ್ತಾ ಇರುತ್ತೆ. ಅದು ನಿಂತರೆ ಯಾವುದೋ ಒಂದು ನೋಡ್ ಚುನಾವಣೆಗೆ ನಿಲ್ಲುತ್ತೆ, ಬಹುಮತ ಸಿಕ್ಕರೆ ಲೀಡರ್. ಆದರೆ ನೆಟ್‌ವರ್ಕ್ ಚೂರುಚೂರಾಗಿ, ಯಾವ ಚೂರಿನಲ್ಲೂ ಬಹುಮತದಷ್ಟು ನೋಡ್‌ಗಳು ಇಲ್ಲದೇ ಹೋದ್ರೆ? ಅಭ್ಯರ್ಥಿಗಳು ನಿಲ್ತಾನೇ ಇರ್ತಾರೆ, ಟರ್ಮ್ ನಂಬರ್ ಏರ್ತಾನೇ ಹೋಗುತ್ತೆ, ಲೀಡರ್ ಮಾತ್ರ ಆಯ್ಕೆ ಆಗಲ್ಲ. ಅಭ್ಯರ್ಥಿ ದುರ್ಬಲ ಅಂತಲ್ಲ. ಓಟು ಹಾಕೋರು ಒಂದೇ ನೆಟ್‌ವರ್ಕಲ್ಲಿ ಇಲ್ಲ.

ರಾಕ್‌ಗೆ ಆಗಿದ್ದು ಇದೇ. ಯು2ಗೆ ಕುರ್ಚಿ ಸಿಕ್ಕಾಗ ಇಡೀ ಪಶ್ಚಿಮಕ್ಕೆ ಕೆಲವೇ ದಾರಿ: ರೇಡಿಯೋ, ಎಂಟಿವಿ, ಮೂರ್ನಾಲ್ಕು ಪತ್ರಿಕೆ. 1999ರಲ್ಲಿ ನ್ಯಾಪ್‌ಸ್ಟರ್ ಬಂತು, 2001ರಲ್ಲಿ ಐಪಾಡ್, 2005ರಲ್ಲಿ ಯೂಟ್ಯೂಬ್, ಆಮೇಲೆ ಸ್ಟ್ರೀಮಿಂಗ್. ಪ್ರತಿಯೊಬ್ಬರಿಗೂ ಅವರದೇ ಪ್ಲೇಲಿಸ್ಟು. 2000ದಲ್ಲಿ ಮೊದಲ ಆಲ್ಬಂ ತಂದ ಕೋಲ್ಡ್‌ಪ್ಲೇ ಬಾಗಿಲು ಮುಚ್ಚೋಕೆ ಮುಂಚೆ ಒಳಗೆ ಬಂದ ಕೊನೆಯ ಬ್ಯಾಂಡು. 2004ರಲ್ಲಿ ಬಂದ ಆರ್ಕೇಡ್ ಫೈರ್ ನಾಲ್ಕು ವರ್ಷ ತಡ.

ಇದನ್ನು ಯು2 ತಾನೇ ಒಮ್ಮೆ ಪರೀಕ್ಷೆ ಮಾಡಿ ಕೈ ಸುಟ್ಟುಕೊಂಡಿತು. 2014ರ ಸೆಪ್ಟೆಂಬರ್‌ನಲ್ಲಿ ಆಪಲ್ ಜೊತೆ ಸೇರಿ ಹೊಸ ಆಲ್ಬಂ ಅನ್ನು ಸುಮಾರು 50 ಕೋಟಿ ಐಟ್ಯೂನ್ಸ್ ಖಾತೆಗಳಿಗೆ ಪುಕ್ಕಟೆ, ಕೇಳದೇ, ಹಾಕಿಬಿಟ್ರು. ಎಲ್ಲರೂ ಒಟ್ಟಿಗೆ ಒಂದೇ ಆಲ್ಬಂ ಕೇಳುವ ಹಳೆಯ ಕಾಲವನ್ನು ಒಂದು ಬಟನ್ ಒತ್ತಿ ವಾಪಸ್ ತರೋ ಪ್ರಯತ್ನ ಅದು. ಜನ ರೇಗಿದ್ರು. ಅಳಿಸೋಕೆ ಆಪಲ್ ಬೇರೆ ಸೌಲಭ್ಯ ಕೊಡಬೇಕಾಯಿತು, ಬೋನೋ ಕ್ಷಮೆ ಕೇಳಿದ. ನಮ್ಮ ಟೀಮಿನ 24 ವರ್ಷದ ಹುಡುಗನಿಗೆ ಯು2 ಗೊತ್ತಾ ಅಂತ ಕೇಳಿದೆ. "ಅದೇ ಅಲ್ವಾ ಸರ್, ಅಪ್ಪನ ಫೋನಲ್ಲಿ ತಾನೇ ಬಂದು ಕೂತಿದ್ದ ಆಲ್ಬಂ?" ಅಂದ. ನನಗೆ ವಯಸ್ಸಾಗಿದ್ದು ಆ ಕ್ಷಣ.

ನಮ್ಮ ಕಡೆಯಿಂದ ನೋಡಿದ್ರೆ ಇನ್ನೊಂದು ವಿಚಿತ್ರ ಇದೆ. ಪಶ್ಚಿಮದವರು ಈ ಬ್ಯಾಂಡುಗಳನ್ನು ಹುಡುಗರಾಗಿದ್ದಾಗ ನೋಡಿದ್ರು. ನಮಗೆ ಸಿಕ್ಕಿದ್ದು ಯಾವಾಗಲೂ ತಲೆ ನೆರೆತ ಮೇಲೆ. 2003ರ ಏಪ್ರಿಲ್‌ನಲ್ಲಿ ರೋಲಿಂಗ್ ಸ್ಟೋನ್ಸ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಮಿಕ್ ಜ್ಯಾಗರ್‌ಗೂ 59, ಮುಂಬೈಯಲ್ಲಿ ಬೋನೋಗೆ ಆಗಿದ್ದಷ್ಟೇ. ಮಳೆಯಲ್ಲಿ ನೆಂದುಕೊಂಡು ಜನ ಕುಣಿದ ಫೋಟೋವನ್ನು ದಾವಣಗೆರೆಯಲ್ಲಿ ಪೇಪರಿನಲ್ಲಿ ನೋಡಿ ಕತ್ತರಿಸಿಟ್ಟುಕೊಂಡಿದ್ದೆ. 2007ರ ಮಾರ್ಚ್‌ನಲ್ಲಿ ಅದೇ ಮೈದಾನಕ್ಕೆ ಐರನ್ ಮೇಡನ್ ಬಂದಾಗ ಹಾಸ್ಟೆಲ್‌ನಿಂದ ಹನ್ನೊಂದು ಜನ ಜನರಲ್ ಬೋಗಿಯಲ್ಲಿ ಹೋಗಿದ್ವಿ. ಅದು 1975ರಲ್ಲಿ ಶುರುವಾದ ಬ್ಯಾಂಡು. 2011ರಲ್ಲಿ ಮೆಟಾಲಿಕಾ ಬಂದಾಗ ಅದಕ್ಕೆ 30 ತುಂಬಿತ್ತು. ಅಪ್ಪಂದಿರ ವಯಸ್ಸಿನವರಿಗೆ ಕೂಗು ಹಾಕಿ ಹಾಕಿ, ರಾಕ್ ಅಂದ್ರೆ ಹಿರಿಯರು ಮಾಡೋ ಕೆಲಸ ಅಂತ ನನ್ನ ತಲೆಯಲ್ಲಿ ಕೂತಿತ್ತು.

ಕೋಲ್ಡ್‌ಪ್ಲೇಗೆ ವಾಪಸ್ ಬರೋಣ, ಯಾಕಂದ್ರೆ ಲೆಕ್ಕದ ಪ್ರಕಾರ ಗೆದ್ದಿದ್ದು ಅವರೇ. ಯು2ನ ಒಳ್ಳೆಯ ಆಲ್ಬಂಗಳ ಹಿಂದಿದ್ದ ಬ್ರಯಾನ್ ಈನೋ ಅವರನ್ನೇ 2008ರಲ್ಲಿ ಕರೆಸಿಕೊಂಡ್ರು. 2022ರಲ್ಲಿ ಕೋಸ್ಟರಿಕಾದಲ್ಲಿ ಶುರುವಾದ ಅವರ ಪ್ರವಾಸ ಒಂದು ಕೋಟಿಗಿಂತ ಹೆಚ್ಚು ಟಿಕೆಟ್ ಮಾರಿತು. ಯು2ನ 2009-11ರ ದಾಖಲೆ ಪ್ರವಾಸದ್ದು 70 ಲಕ್ಷ ಚಿಲ್ಲರೆ. 2025ರ ಜನವರಿಯಲ್ಲಿ ಅವರು ಬಂದಿದ್ದು ಅದೇ ಡಿ.ವೈ. ಪಾಟೀಲ್ ಸ್ಟೇಡಿಯಂಗೆ, ಯು2 ಥರ ಒಂದು ರಾತ್ರಿಗಲ್ಲ, ಮೂರು ರಾತ್ರಿಗೆ. ಆಮೇಲೆ ಅಹಮದಾಬಾದಿನಲ್ಲಿ ಎರಡು ರಾತ್ರಿ, ದಿನಕ್ಕೆ ಲಕ್ಷಕ್ಕೂ ಹೆಚ್ಚು ಜನ. ಟಿಕೆಟ್ ಬಿಟ್ಟ ದಿನ ನಾನೂ ಲ್ಯಾಪ್‌ಟಾಪ್ ಎರಡು, ಫೋನ್ ಎರಡು ಇಟ್ಕೊಂಡು ಕೂತಿದ್ದೆ. ಕ್ಯೂನಲ್ಲಿ ನನ್ನ ನಂಬರ್ ಆರು ಲಕ್ಷದ ಮೇಲೆ. ಗಣರಾಜ್ಯೋತ್ಸವದ ರಾತ್ರಿ ಮನೆಯಲ್ಲಿ ಟೀವಿ ಮುಂದೆ ಕೂತು ಅಹಮದಾಬಾದ್ ಕಾರ್ಯಕ್ರಮ ನೋಡಿದೆ.

ಚೆನ್ನಾಗಿತ್ತು. ಕೈಗೆ ಕಟ್ಟಿದ ಪಟ್ಟಿಗಳು ಒಟ್ಟಿಗೆ ಮಿನುಗಿ ಸ್ಟೇಡಿಯಂ ನಕ್ಷತ್ರದ ಹೊಲದ ಹಾಗಾಗಿತ್ತು. ಕ್ರಿಸ್ ಮಾರ್ಟಿನ್ ಬುಮ್ರಾ ಹೆಸರೆತ್ತಿದಾಗ ನನ್ನ ಹೆಂಡತಿಯೂ ಚಪ್ಪಾಳೆ ಹೊಡೆದಳು. ಪ್ರೇಕ್ಷಕರು ಸೈಕಲ್ ತುಳಿದು, ನೆಲದ ಮೇಲೆ ಕುಣಿದು ವಿದ್ಯುತ್ ಹುಟ್ಟಿಸೋ ಏರ್ಪಾಡು ಕೂಡ ಆ ಪ್ರವಾಸದಲ್ಲಿತ್ತು, ಅದನ್ನು ನಾನು ಹಗುರವಾಗಿ ನೋಡಲ್ಲ. ಆದರೆ ಎರಡು ಗಂಟೆ ನೋಡಿದಮೇಲೂ ಯಾವ ಗಳಿಗೆಯಲ್ಲೂ ನನಗೆ ಇರುಸುಮುರುಸು ಆಗಲಿಲ್ಲ. ನೆರೂಲ್‌ನಲ್ಲಿ ಮಂಡ್ಯದವನು ಸುಮ್ಮನಾದನಲ್ಲ, ಅಂಥ ಒಂದು ನಿಮಿಷ ಇಲ್ಲಿ ಬರಲಿಲ್ಲ. ಕೋಲ್ಡ್‌ಪ್ಲೇ ಕುರ್ಚಿಯಷ್ಟು ದೊಡ್ಡದಾಯಿತು, ಕುರ್ಚಿಯ ಕೆಲಸದಲ್ಲಿ ಅರ್ಧ ಮಾತ್ರ ವಹಿಸಿಕೊಂಡಿತು. 12 ಆಲ್ಬಂ ಆದಮೇಲೆ ನಿಲ್ಲಿಸ್ತೀವಿ ಅಂತ ಮಾರ್ಟಿನ್ ಈಗಾಗಲೇ ಹೇಳಿಯೂ ಆಗಿದೆ.

ಯು2 ಇನ್ನೂ ಎದ್ದಿಲ್ಲ, ಅದೊಂದು ಮಾತು. 2023ರ ಸೆಪ್ಟೆಂಬರ್‌ನಿಂದ ಲಾಸ್ ವೇಗಸ್‌ನ ಸ್ಫಿಯರ್ ಅನ್ನೋ ದುಂಡು ಕಟ್ಟಡದಲ್ಲಿ 40 ಕಾರ್ಯಕ್ರಮ ಕೊಟ್ರು. ಲೋಕದ ಅತಿ ಹೊಸ, ಅತಿ ದುಬಾರಿ ವೇದಿಕೆಯನ್ನು ಉದ್ಘಾಟಿಸೋಕೆ 47 ವರ್ಷದ ಬ್ಯಾಂಡೇ ಬೇಕಾಯಿತು. ಆಮೇಲೆ ಅಲ್ಲಿಗೆ ಬಂದವರಲ್ಲಿ ಈಗಲ್ಸ್ ಕೂಡ ಇದ್ರು, ಅವರು 1971ರವರು. ಆದರೆ ಆ 40 ರಾತ್ರಿಯೂ ಡ್ರಮ್ಸ್ ಹಿಂದೆ ಕೂತಿದ್ದು ಬ್ರಾಮ್ ವಾನ್ ಡೆನ್ ಬರ್ಗ್ ಅನ್ನೋ ಡಚ್ಚಿನವ. ನೋಟಿಸ್ ಬೋರ್ಡಿಗೆ ಚೀಟಿ ಅಂಟಿಸಿದ್ದ ಲ್ಯಾರಿ ಮುಲ್ಲೆನ್ ದೇಹಕ್ಕೆ ರಿಪೇರಿ ಬೇಕಾಗಿ ಮನೆಯಲ್ಲಿ ಉಳಿದಿದ್ದ.

ಹಾಗಾದ್ರೆ ಹೊಸಬರು ಯಾರೂ ಇಲ್ವಾ? ಇದ್ದಾರೆ. ಇಟಲಿಯ ಮೋನೆಸ್ಕಿನ್ 2021ರಲ್ಲಿ ಯೂರೋವಿಷನ್ ಗೆದ್ದು ಅದೇ ವರ್ಷ ರೋಲಿಂಗ್ ಸ್ಟೋನ್ಸ್ ಮುಂದೆ ಹಾಡಿತು. ಇನ್‌ಹೇಲರ್ ಅಂತ ಡಬ್ಲಿನ್ನಿನ ಬ್ಯಾಂಡು ಇದೆ, ಅದರ ಗಾಯಕ ಎಲೈಜಾ ಹ್ಯೂಸನ್ ಬೋನೋ ಮಗ. ದನಿ ಕೇಳಿದ್ರೆ ಬೆಚ್ಚಿಬೀಳ್ತೀರಿ, ಅಪ್ಪನದೇ. 2021ರ ಮೊದಲ ಆಲ್ಬಂ ಐರ್ಲೆಂಡಿನಲ್ಲೂ ಬ್ರಿಟನ್ನಿನಲ್ಲೂ ಒಂದನೇ ಸ್ಥಾನಕ್ಕೆ ಹೋಯಿತು. ಹಾಡುಗಳು ಚಂದ. ಆದರೆ ಮನೆತನದಿಂದ ಬಂದ ದನಿಗೆ ಕುರ್ಚಿ ಕೊಡೋದರ ಬಗ್ಗೆ ನಮ್ಮ ಸಿನಿಮಾ, ನಮ್ಮ ರಾಜಕೀಯ ಎರಡನ್ನೂ ನೋಡಿದ ನಿಮಗೆ ನಾನೇನು ಹೇಳಲಿ. ಇನ್ನು ನನ್ನ ಅಕ್ಕನ ಮಗಳ ಪ್ರಕಾರ ಈ ಇಡೀ ಚರ್ಚೆಯೇ ದಂಡ. "ಮಾಮ, ಬಿಟಿಎಸ್ ವೆಂಬ್ಲಿ ತುಂಬಿಸಿ, ವಿಶ್ವಸಂಸ್ಥೆಯಲ್ಲಿ ಮಾತಾಡಿ ಬಂದು ಎಷ್ಟು ವರ್ಷ ಆಯ್ತು, ನೀವಿನ್ನೂ ಗಿಟಾರ್ ಹಿಡಿದವರನ್ನೇ ಹುಡುಕ್ತಿದ್ದೀರಲ್ಲ" ಅಂತಾಳೆ ಶಿವಮೊಗ್ಗದಿಂದ. ಅವಳು ಯೂಟ್ಯೂಬ್ ನೋಡಿ ಕೊರಿಯನ್ ಓದೋದು ಕಲಿತಿದ್ದಾಳೆ. ಅವಳ ಮಾತಿನಲ್ಲಿ ಹುರುಳಿದೆ, ನನ್ನ ಹತ್ತಿರ ಉತ್ತರ ಇಲ್ಲ.

ಆದರೂ ಒಂದು ಹೆಸರು ಹೇಳಲೇಬೇಕು ಅಂದ್ರೆ, ನಾನು ಹೇಳೋದು ಫಾಂಟೇನ್ಸ್ ಡಿ.ಸಿ. ಇದೂ ಡಬ್ಲಿನ್ನಿನದೇ, ಆ ಡಿ.ಸಿ. ಅಂದ್ರೆ ಡಬ್ಲಿನ್ ಸಿಟಿ ಅಂತಲೇ ಅರ್ಥ. ಸಂಗೀತ ಕಾಲೇಜಿನಲ್ಲಿ ಭೇಟಿಯಾದವರು, ಹಾಡಿಗೆ ಮುಂಚೆ ಕವಿತೆ ಬರೀತಿದ್ದವರು. 2019ರಲ್ಲಿ 'ಡಾಗ್ರೆಲ್' ಅನ್ನೋ ಮೊದಲ ಆಲ್ಬಂ, 2024ರಲ್ಲಿ 'ರೊಮ್ಯಾನ್ಸ್'. ನನ್ನನ್ನು ಹಿಡಿದು ಕೂರಿಸಿದ್ದು ನಡುವಿನ 2022ರ 'ಸ್ಕಿಂಟಿ ಫಿಯಾ'. ಅಷ್ಟು ಹೊತ್ತಿಗೆ ಇವರು ಕೆಲಸಕ್ಕೆ ಅಂತ ಊರು ಬಿಟ್ಟು ಲಂಡನ್ನಿಗೆ ಬಂದಿದ್ರು. ನಮ್ಮ ಹಾಗೆ.

ಆ ಆಲ್ಬಂನ ಮೊದಲ ಹಾಡಿನ ಹಿಂದೆ ಒಂದು ನಿಜವಾದ ಸಂಗತಿ ಇದೆ. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಬಾಳಿ ತೀರಿಕೊಂಡ ಐರಿಷ್ ಹೆಂಗಸೊಬ್ಬರ ಸಮಾಧಿ ಕಲ್ಲಿನ ಮೇಲೆ, 'ಎಂದೆಂದಿಗೂ ನಮ್ಮ ಎದೆಗಳಲ್ಲಿ' ಅನ್ನೋ ಅರ್ಥದ ಸಾಲನ್ನು ಐರಿಷ್ ಭಾಷೆಯಲ್ಲಿ ಕೆತ್ತಿಸಬೇಕು ಅಂತ ಮಕ್ಕಳು ಕೇಳಿದ್ರು. 2020ರಲ್ಲಿ ಅಲ್ಲಿನ ಚರ್ಚ್ ನ್ಯಾಯಾಲಯ, ಇಂಗ್ಲಿಷ್ ಅನುವಾದ ಇಲ್ಲದೇ ಬರೀ ಐರಿಷ್ ಹಾಕೋ ಹಾಗಿಲ್ಲ, ಅದನ್ನು ರಾಜಕೀಯ ಘೋಷಣೆ ಅಂತ ಜನ ತಿಳಿಯಬಹುದು, ಅಂದಿತು. ಸಮಾಧಿ ಕಲ್ಲು! ಅಮ್ಮನ ಭಾಷೆಯಲ್ಲಿ ಒಂದು ಸಾಲು! ಮನೆಯವರು ಮೇಲ್ಮನವಿ ಹಾಕಿ 2021ರಲ್ಲಿ ಗೆದ್ದರು. ಬ್ಯಾಂಡಿನವರು ಆ ಐರಿಷ್ ಸಾಲನ್ನೇ ಹಾಡಿನ ಹೆಸರು ಮಾಡಿದ್ರು. ಹಾಡು ಮೆಲ್ಲಗೆ, ಪ್ರಾರ್ಥನೆಯ ಹಾಗೆ ಶುರುವಾಗುತ್ತೆ. ಐರಿಷ್ ಅರ್ಥ ಮಾಡಿಕೊಳ್ಳೋರು ಇಂಗ್ಲೆಂಡಿನಲ್ಲಿ ಎಷ್ಟು ಜನ ಇದ್ದಾರೋ, ಆ ಲೆಕ್ಕ ಹಾಕಿ ಬರೆದ ಹಾಡಲ್ಲ. ಆ ಆಲ್ಬಂ ಬ್ರಿಟನ್ನಿನಲ್ಲೇ ಒಂದನೇ ಸ್ಥಾನಕ್ಕೆ ಹೋಯಿತು.

ಯು2 ಲೋಕದ ಎಲ್ಲರ ಜೊತೆ ಮಾತಾಡೋಕೆ ಹೊರಟಿತು, ಅದಕ್ಕೆ ಸ್ಟೇಡಿಯಂ ಬೇಕಿತ್ತು. ಇವರು ಊರು ಬಿಟ್ಟುಬಂದ ಸ್ವಂತ ಜನರ ಜೊತೆ ಮಾತಾಡ್ತಾ ಇದ್ದಾರೆ, ಉಳಿದವರು ಪಕ್ಕದಲ್ಲಿ ನಿಂತು ಕೇಳಿಸ್ಕೊಳ್ತಾ ಇದ್ದಾರೆ. ಕುರ್ಚಿಗೆ ಬೇಕಾದ ಬಹುಮತ ಇವರಿಗೆ ಯಾವತ್ತೂ ಸಿಗಲ್ಲ ಅಂತ ನನಗೆ ಗೊತ್ತು. ರಾತ್ರಿ ಶಿಫ್ಟ್ ಮುಗಿಸಿ ಕ್ಯಾಬಲ್ಲಿ ಬರುವಾಗ ನಾನು ಹಾಕ್ಕೊಳ್ಳೋದು ಮಾತ್ರ ಇವರನ್ನೇ.

ಆ ಹಾಡನ್ನು, ಅದರ ಹಿಂದಿನ ಕಥೆ ಸಮೇತ, ಧಾರವಾಡದ ಗೆಳೆಯನಿಗೆ ಕಳಿಸಿದೆ. ಅವನೀಗ ಹೈದರಾಬಾದಿನಲ್ಲಿದ್ದಾನೆ, ಮಗಳನ್ನ ಅಲ್ಲೇ ಶಾಲೆಗೆ ಹಾಕಿದ್ದಾನೆ, ಅವಳಿಗೆ ಕನ್ನಡ ಓದೋಕೆ ಮನೆಯಲ್ಲಿ ತಾನೇ ಕಲಿಸ್ತಾನೆ. ಮೂರು ದಿನ ಬಿಟ್ಟು ಒಂದು ವಾಯ್ಸ್ ಮೆಸೇಜ್ ಬಂತು: "ಹಾಡು ಭಾಳ ಚಲೋ ಐತಿ. ನಾಕ್ ಸಲ ಕೇಳಿದ್ನಿ. ಆದ್ರ ಇದು ಸ್ಟೇಡಿಯಂನಾಗ ಎಲ್ಲಾರೂ ಕೂಡಿ ಒದರೋ ಹಾಡಲ್ಲ ಬಿಡಪಾ."

ಮುಂದಿನ ವಾರ ಬೇರೆ ವಿಷಯದ ಜೊತೆ ಸಿಗೋಣ.